ಸಾಹೇಬರು ತಿಂದ ಬೆಲ್ಲ

ನಾನು ಕೆಲಸಕ್ಕೆ ಸೇರಿದಷ್ಟು ಸಲ ಪುಣೆಯಲ್ಲಿ ಬೇರೆ ಯಾರೂ ಸೇರಿರಲಿಕ್ಕಿಲ್ಲ. ಅದೇ ಕಾರ್ಖಾನೆ, ಅದೇ ಗೇಟು, ಅದೇ ಲೇತು. ಆದರೆ ಪ್ರತಿ ಸಲವೂ ನಾನು ಹೊಸಬ. ತೊಂಬತ್ತರ ದಶಕದ ಕೊನೆಯಲ್ಲಿ ಭೋಸರಿ, ಚಿಂಚವಡದ ಕಡೆ ಐಟಿಐ ಮುಗಿಸಿದ ಹುಡುಗರನ್ನು ತೆಗೆದುಕೊಳ್ಳುತ್ತಿದ್ದುದೇ ಹಾಗೆ. ಏಳು ತಿಂಗಳು ಕೆಲಸ, ಆಮೇಲೆ ಬ್ರೇಕ್. ಏಳೇ ಯಾಕೆಂದರೆ, ಎಂಟು ಮುಗಿದರೆ ಹುಡುಗ ಕಾಯಿದೆ ಹಿಡಿದು ‘ನನ್ನನ್ನು ಕಾಯಂ ಮಾಡಿ’ ಎಂದು ಕೇಳಬಹುದು. ಆ ಬಾಯಿ ಬರುವ ಮೊದಲೇ ಹೊರಗೆ ಕಳಿಸಿಬಿಡುತ್ತಿದ್ದರು. ಬ್ರೇಕ್ ಮುಗಿದ ಮೇಲೆ ಕರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಹೊಸ ಟೋಕನ್, ಹೊಸ ಫೋಟೋ, ಮತ್ತೆ ಕಣ್ಣಿನ ಪರೀಕ್ಷೆ, ಮತ್ತೆ ‘ಲೇತ್ ಅಂದರೇನು, ಹೇಳು’ ಎಂಬ ಪ್ರಶ್ನೆ. ಮೂರನೆಯ ಸಲ ಆ ಪ್ರಶ್ನೆ ಕೇಳಲು ಕೂತಿದ್ದ ಹುಡುಗನಿಗೆ ಹಿಂದಿನ ವರ್ಷ ಲೇತ್ ಕಲಿಸಿದವನೇ ನಾನು. ಅವನು ಯಾರದೋ ಕಡೆಯವನು, ಬರುವಾಗಲೇ ಕಾಯಂ ಆಗಿ ಬಂದಿದ್ದ. ನಾನು ಕೈಕಟ್ಟಿ ನಿಂತು ಲೇತ್ ಅಂದರೇನು ಎಂದು ಹೇಳಿದೆ. ಅವನು ತಲೆಯಾಡಿಸಿ ಬರೆದುಕೊಂಡ.

ಕಾಯಂನವರ ಅಂಗಿ ನೀಲಿ, ನಮ್ಮದು ಬೂದು. ಬೂದು ಅಂಗಿಯವರು ಜ್ವರ ಬಂದರೂ ರಜೆ ಹಾಕುತ್ತಿರಲಿಲ್ಲ, ಬೈದರೂ ತಿರುಗಿ ನೋಡುತ್ತಿರಲಿಲ್ಲ. ಖಂಡೇನವಮಿಯ ಆಯುಧಪೂಜೆಗೆ ಎಲ್ಲರಂತೆ ನಾವೂ ಮಷೀನಿಗೆ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕುತ್ತಿದ್ದೆವು. ಮುಂದಿನ ತಿಂಗಳು ಆ ಮಷೀನಿನ ಮುಂದೆ ಬೇರೆಯವನು ನಿಂತಿರುತ್ತಿದ್ದ. ನನಗೆ ಸಿಟ್ಟು ಬರುತ್ತಿದ್ದುದು ಕಂಪನಿಯ ಮೇಲಲ್ಲ, ಆ ಮಷೀನಿನ ಮೇಲೆ. ಇಷ್ಟು ದಿನ ನನ್ನ ಕೈಯಲ್ಲಿ ತಿರುಗಿದ್ದು ಅವನ ಕೈಯಲ್ಲೂ ಏನೂ ಆಗದಂತೆ ತಿರುಗುತ್ತಿತ್ತು.

ನಮ್ಮ ಮನೆ ಗುಲ್ಟೇಕಡಿಯ ಇಳಿಜಾರಿನ ಬಡವರ ವಸ್ತಿಯಲ್ಲಿತ್ತು. ಒಂದೇ ಖೋಲಿ, ಮೇಲೆ ತಗಡು. ಅಪ್ಪ ಕಲಬುರ್ಗಿ ಕಡೆಯ ಹಳ್ಳಿಯಿಂದ ಮದುವೆಗೆ ಮೊದಲೇ ಪುಣೆಗೆ ಬಂದವನು. ಮಾರ್ಕೆಟ್ ಯಾರ್ಡಿನ ಬೆಲ್ಲದ ಸಾಲಿನಲ್ಲಿ ಹಮಾಲ. ಅಲ್ಲಿ ಹಮಾಲರು ಒಬ್ಬೊಬ್ಬರಾಗಿ ದುಡಿಯುವುದಿಲ್ಲ. ಒಂದೊಂದು ಸಾಲಿಗೆ ಒಂದೊಂದು ಟೋಳಿ ಇರುತ್ತದೆ, ದಿನದ ಕೂಲಿಯನ್ನು ಟೋಳಿಯವರೆಲ್ಲ ಸಮನಾಗಿ ಹಂಚಿಕೊಳ್ಳುತ್ತಾರೆ. ಟೋಳಿಗೆ ಸೇರಿದವನಿಗೆ ತೋಳಿಗೆ ಕಟ್ಟಿಕೊಳ್ಳಲು ಹಿತ್ತಾಳೆಯ ಬಿಲ್ಲೆ. ಬಿಲ್ಲೆ ಇದ್ದವನನ್ನು ಯಾವ ವ್ಯಾಪಾರಿಯೂ ನಾಳೆಯಿಂದ ಬರಬೇಡ ಎನ್ನುವಂತಿಲ್ಲ. ಅವನಿಗೆ ಫಂಡು ಉಂಟು, ದೀಪಾವಳಿಗೆ ಬೋನಸ್ಸು ಉಂಟು. ವಯಸ್ಸಾದಾಗ ಅವನು ತನ್ನ ಜಾಗವನ್ನು ಮಗನಿಗೋ ಅಳಿಯನಿಗೋ ಬಿಟ್ಟುಕೊಡಬಹುದು. ಹೀಗೆ ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತುವ ಅಪ್ಪ ಕಾಯಂ, ಸರ್ಟಿಫಿಕೇಟು ಇಟ್ಟುಕೊಂಡ ಮಗ ಟೆಂಪರರಿ. ಓಣಿಯವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಮೊದಮೊದಲು.

ಅಪ್ಪ ಮಾತ್ರ ನಗುತ್ತಿರಲಿಲ್ಲ. ನನ್ನನ್ನು ಯಾರ್ಡಿನ ಕಡೆ ಬರಗೊಡುತ್ತಲೇ ಇರಲಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಅವನಿಗೆ ಬುತ್ತಿ ಕೊಡಲು ಹೋಗಿ, ಆಟಕ್ಕೆಂದು ಒಂದು ಸಣ್ಣ ಚೀಲ ಎತ್ತಿ ಬೆನ್ನಿಗೆ ಹಾಕಿಕೊಂಡಿದ್ದೆ. ಎಲ್ಲರ ಮುಂದೆ ಕಪಾಳಕ್ಕೆ ಬಾರಿಸಿದ.

‘ಚೀಲ ಹೊರೋದು ನನ್ನ ಕಾಲಕ್ಕೇ ಮುಗೀಬೇಕು. ನೀ ಹೊತ್ತದ್ದು ನಾ ನೋಡಬಾರ್ದು’ ಎಂದಿದ್ದ.

ಅವನ ಮೊಣಕಾಲು ಕೈಕೊಟ್ಟಿದ್ದು ನನ್ನ ನಾಲ್ಕನೆಯ ಏಳು ತಿಂಗಳಲ್ಲಿ. ಲಾರಿಗೆ ಆನಿಸಿದ್ದ ಹಲಗೆಯ ಮೇಲೆ ಬೆಲ್ಲದ ಚೀಲ ಹೊತ್ತು ಹತ್ತುವಾಗ ಕಾಲು ಜಾರಿ ಕೆಳಗೆ ಬಿದ್ದ. ಚೀಲ ಅವನ ಮೇಲೆ ಬಿತ್ತು. ಎಲುಬಿನ ಡಾಕ್ಟರು ಇನ್ನು ಭಾರ ಎತ್ತಬಾರದು ಎಂದರು. ಟೋಳಿಯ ಮುಖಂಡನನ್ನು ಎಲ್ಲರೂ ಮುಕಾದಮ ಎನ್ನುತ್ತಿದ್ದರು. ಸೊಲ್ಲಾಪುರದ ಕಡೆಯವನಾದ್ದರಿಂದ ಕನ್ನಡ ಬರುತ್ತಿತ್ತು. ಅವನು ಮನೆಗೇ ಬಂದು, ಅವ್ವ ಕೊಟ್ಟ ಚಹಾ ಕುಡಿದು ಮಾತು ತೆಗೆದ.

‘ಯುಗಾದಿತನಕ ನಿನ್ನ ಜಾಗ ಹಿಡೀತೀನಿ. ಅಲ್ಲೀತನಕ ನಿನ್ನ ಪಾಲೂ ಮನೀಗೆ ಬರ್ತದ. ಆಮ್ಯಾಲ ಯಾರನ್ನರ ಕಳಸು. ಟೋಳಿ ಅಂದಮ್ಯಾಗ ಕೈ ಕಮ್ಮಿ ಆಗಬಾರ್ದು, ನಿನಗ ಗೊತ್ತದ.’

‘ಹುಡುಗ ಕಂಪನಿಯಾಗ ಇದ್ದಾನಲ್ರೀ’ ಎಂದ ಅಪ್ಪ.

‘ಇದ್ದಾನೋ, ಹೋಗಿ ಬರ್ತಾನೋ?’ ಎಂದ ಮುಕಾದಮ. ಚುಚ್ಚಬೇಕೆಂದು ಕೇಳಿದ್ದಲ್ಲ. ಆದರೂ ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಒಂದೇ ಖೋಲಿಯಾದ್ದರಿಂದ ಎದ್ದು ಹೋಗಲು ಬೇರೆ ಜಾಗವಿರಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನಾನು ಬಿಲ್ಲೆ ಹಿಡಿಯಬೇಕೋ, ಕಂಪನಿಯನ್ನು ನಂಬಬೇಕೋ. ಬಿಲ್ಲೆ ಹಿಡಿದರೆ ಹೊಟ್ಟೆಯ ಚಿಂತೆ ಅವತ್ತಿಗೇ ತೀರಿತು, ಆದರೆ ಅಪ್ಪ ಇಷ್ಟು ವರ್ಷ ಹೊತ್ತಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಬಿಟ್ಟರೆ ಅದು ಅಕ್ಕನ ಗಂಡನಿಗೆ ಹೋಗುತ್ತದೆ. ಭಾವ ಕೋಥರೂಡಿನ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಕೆಲಸ ಎಲ್ಲಿದ್ದರೆ ಅಲ್ಲೇ ಶೆಡ್ಡು ಹಾಕಿಕೊಂಡು, ಅಕ್ಕನನ್ನೂ ಮಗುವನ್ನೂ ಜಗ್ಗಿಕೊಂಡು ತಿರುಗುತ್ತಿದ್ದ. ಅವನು ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಆದರೆ ಆ ದಿನಗಳಲ್ಲಿ ಅಕ್ಕ ಮನೆಗೆ ಬರುವುದು ಹೆಚ್ಚಾಯಿತು. ಬಂದಾಗಲೆಲ್ಲ ಅಪ್ಪನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

ಇದೇ ಹೊತ್ತಿಗೆ ಕಾರ್ಖಾನೆಗೆ ಕಂಪ್ಯೂಟರಿನಿಂದ ನಡೆಯುವ ಹೊಸ ಮಷೀನು ಬಂತು. ಸ್ಕೂಟರಿನ ಗೇರುಗಳನ್ನು ಅದು ತಾನೇ ಕೊರೆಯುತ್ತಿತ್ತು. ನೀಲಿ ಅಂಗಿಯ ಹಿರಿಯರು ಅದರ ಹತ್ತಿರ ಸುಳಿಯಲಿಲ್ಲ. ಕೆಟ್ಟರೆ ನಮ್ಮ ತಲೆಗೆ ಬರುತ್ತದೆ ಎಂಬ ಹೆದರಿಕೆ. ನಮ್ಮ ಸೂಪರ್ವೈಸರ್ ಸಾಹೇಬರು ನನ್ನನ್ನು ಕರೆದು ಅದರ ಮುಂದೆ ನಿಲ್ಲಿಸಿದರು. ನಾನು ಊಟ ನಿದ್ದೆ ಮರೆತು ಕಲಿತೆ. ಕಲಿತ ಮೇಲೆ ಹೊಸ ಹುಡುಗರಿಗೆ ಕಲಿಸು ಎಂದರು, ಕಲಿಸಿದೆ. ಸಾಹೇಬರು ಕೆಟ್ಟವರಲ್ಲ. ಬೆನ್ನು ತಟ್ಟುತ್ತಿದ್ದರು, ತಮ್ಮ ಡಬ್ಬಿಯಿಂದ ಉಪ್ಪಿನಕಾಯಿ ಕೊಡುತ್ತಿದ್ದರು, ಕಾಯಂ ಮಾಡುವವರ ಹೆಸರು ಮೇಲೆ ಕಳಿಸುವಾಗ ನಿನ್ನದು ಮೊದಲು ಎನ್ನುತ್ತಿದ್ದರು. ಕೆಟ್ಟವರಾಗಿದ್ದರೆ ನಾನು ನಂಬುತ್ತಿರಲಿಲ್ಲ.

ಮನೆಯಲ್ಲಿ ಇದನ್ನು ಹೇಳಿದೆ. ಅಪ್ಪ ಎದ್ದು ಕೂತ.

‘ಬಾಯಿಂದ ಅಂದಾರೇನು, ನೀನೇ ತಿಳಕೊಂಡಿದಿಯೇನು?’

‘ಬಾಯಿಂದನೇ ಅಂದಾರಪ್ಪ.’

‘ಹಂಗಾದ್ರ ನಾ ಒಮ್ಮೆ ಬಂದು ಮಾತಾಡ್ತೀನಿ.’

ಬೇಡವೆಂದರೆ ಕೇಳಬೇಕಲ್ಲ. ಒಂದು ದಿನ ಶಿಫ್ಟು ಬಿಡುವ ಹೊತ್ತಿಗೆ ತೊಳೆದ ಧೋತರ ಉಟ್ಟು, ತಲೆಗೆ ಪಟಗ ಸುತ್ತಿಕೊಂಡು, ಕುಂಟುತ್ತ ಎರಡು ಬಸ್ಸು ಬದಲಿಸಿ ಗೇಟಿಗೆ ಬಂದೇಬಿಟ್ಟ. ಕಂಕುಳಲ್ಲಿ ಬೆಲ್ಲದ ಒಂದು ಇಡೀ ಅಚ್ಚು, ಯಾರ್ಡಿನವರ ಮಾತಿನಲ್ಲಿ ಪೆಂಟಿ. ಸಾಲಿನಲ್ಲೇ ಒಳ್ಳೆಯದನ್ನು ಆರಿಸಿ ತಂದಿದ್ದ.

ಅಪ್ಪನ ತಲೆಯಲ್ಲಿ ಏನು ನಡೆದಿತ್ತೆಂಬುದು ಗೊತ್ತಾಗಬೇಕಾದರೆ ಬೆಲ್ಲದ ಸಾಲಿನ ಒಂದು ರೂಢಿ ಹೇಳಬೇಕು. ಅಲ್ಲಿ ವ್ಯಾಪಾರವೆಲ್ಲ ಮಾತಿನ ಮೇಲೆ. ದರದ ಹಗ್ಗಜಗ್ಗಾಟ ಮುಗಿದ ಮೇಲೆ ಕೊಳ್ಳುವವನು ಪೆಂಟಿಯ ಮೂಲೆ ಮುರಿದು ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾನೆ. ಹಾಕಿಕೊಂಡರೆ ಮುಗಿಯಿತು. ಆಮೇಲೆ ದರ ಬೀಳಲಿ, ಏಳಲಿ, ಅವನು ಹಿಂದೆ ಸರಿಯುವಂತಿಲ್ಲ. ಸರಿದವನ ಮಾಲನ್ನು ಯಾವ ಟೋಳಿಯೂ ಮುಟ್ಟುವುದಿಲ್ಲ. ಅಪ್ಪ ತನ್ನ ಬದುಕಿನಲ್ಲಿ ಕಂಡ ಕೋರ್ಟು, ಕಾಗದ, ಕಾಯಿದೆ ಎಲ್ಲವೂ ಅದೇ.

ಸಾಹೇಬರು ಸ್ಕೂಟರು ಹೊರಗೆ ತರುತ್ತಿದ್ದರು. ಅಪ್ಪ ಎರಡೂ ಕೈಯಲ್ಲಿ ಪೆಂಟಿ ಚಾಚಿ, ತನ್ನ ಹರಕುಮುರುಕು ಮರಾಠಿಯಲ್ಲಿ, ಮಗನ ಕೆಲಸದ್ದು ಏನು ಎಂದು ಕೇಳಿದ. ಸಾಹೇಬರಿಗೆ ಆ ವಯಸ್ಸಾದ ಮನುಷ್ಯನನ್ನು ನೋಡಿ ನಿಜಕ್ಕೂ ಮರುಕ ಹುಟ್ಟಿರಬೇಕು. ಪೆಂಟಿ ತೆಗೆದುಕೊಂಡರು, ಮೂಸಿದರು, ಮೂಲೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

‘ಕಾಕಾ, ತುಮ್ಚ್ಯಾ ಪೋರಾಚಂ ಕಾಮ ಝಾಲಂ ಸಮಜಾ’ ಎಂದರು. ನಿಮ್ಮ ಹುಡುಗನ ಕೆಲಸ ಆಯಿತೆಂದೇ ತಿಳಿಯಿರಿ.

ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿಯ ಸೀಟು ಸಿಕ್ಕಿತ್ತು. ನಾಶಿಕ ಫಾಟಾದಿಂದ ಸ್ವಾರಗೇಟಿನವರೆಗೆ ಅವನ ಬಾಯಲ್ಲಿ ಒಂದೇ ಮಾತು.

‘ಬಾಯಾಗ ಹಾಕ್ಕೊಂಡ್ರು, ನೋಡಿದೇನು?’

‘ಅಪ್ಪಾ, ಇದು ಯಾರ್ಡಲ್ಲ.’

‘ಮನಷಾ ಎಲ್ಲಿದ್ರೂ ಮನಷಾನೇ ಅಲ್ಲೇನು? ಬೆಲ್ಲ ತಿಂದು ಮಾತು ತಪ್ಪಿದವನ್ನ ನಾ ಇನ್ನಾ ಕಂಡಿಲ್ಲ.’

ನಾನು ಓದಿದವನು. ಇದೆಲ್ಲ ಕಂಪನಿಯಲ್ಲಿ ನಡೆಯುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು, ಗೊತ್ತೂ ಇತ್ತು. ಆದರೆ ಮೂರು ಸಲ ಗೇಟಿನ ಹೊರಗೆ ನಿಂತವನಿಗೆ ನಂಬುವುದಕ್ಕೆ ಏನಾದರೊಂದು ಬೇಕಾಗುತ್ತದೆ. ಅಪ್ಪನ ಮುಖ ನೋಡುತ್ತ ನೋಡುತ್ತ ನಾನೂ ನಂಬಿದೆ. ಅವತ್ತು ರಾತ್ರಿ ಊಟಕ್ಕೆ ಅವ್ವ ಹೋಳಿಗೆ ಮಾಡಿದ್ದಳು.

ಆ ಸಲ ಎಲ್ಲವೂ ಕೂಡಿ ಬರುವಂತೆ ಕಂಡಿತು. ದೌಂಡದಲ್ಲಿ ನಮ್ಮ ಕಡೆಯದೇ ಒಂದು ಮನೆತನ ಇತ್ತು, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಕೆಲಸದ ಯಜಮಾನ. ಅವರ ಮಗಳನ್ನು ಅವ್ವ ಯಾವುದೋ ಮದುವೆಯಲ್ಲಿ ನೋಡಿ ಇಟ್ಟುಕೊಂಡಿದ್ದಳು. ಅವರು ಬಂದು ಅವಲಕ್ಕಿ ತಿಂದು ಹೋದರು. ಹುಡುಗ ಚಲೋ ಇದ್ದಾನೆ, ಕಾಯಂ ಆರ್ಡರು ಕೈಗೆ ಬಂದ ದಿನ ಎಲೆ ಅಡಿಕೆ ಬದಲಿಸೋಣ ಎಂದರು. ಆ ಹುಡುಗಿಯನ್ನು ನಾನು ಒಮ್ಮೆ ಮಾತ್ರ ನೋಡಿದ್ದು. ಅವಳು ತಲೆ ತಗ್ಗಿಸದೆ ನನ್ನನ್ನೇ ನೋಡಿದ್ದಳು.

ಯುಗಾದಿಯ ಮರುದಿನ ಮುಕಾದಮನ ಮತ್ತು ಟೋಳಿಯ ಹಿರಿಯರ ಮುಂದೆ ಅಪ್ಪ ತನ್ನ ತೋಳಿನ ಬಿಲ್ಲೆ ಬಿಚ್ಚಿ ಭಾವನ ತೋಳಿಗೆ ಕಟ್ಟಿದ. ಕಟ್ಟುವ ಮೊದಲು ಮುಕಾದಮ ನನ್ನ ಕಡೆ ತಿರುಗಿ ಕೇಳಿದ.

‘ತಮ್ಮಾ, ಖಾತ್ರಿ ಅದ ಏನು? ಒಮ್ಮೆ ಬಿಟ್ಟ ಜಾಗ ತಿರುಗಿ ಬರಂಗಿಲ್ಲ ನೋಡು. ಪಂಚರ ಮುಂದ ಕೇಳ್ಲಾಕತ್ತೀನಿ.’

‘ಖಾತ್ರಿ ಅದರೀ’ ಎಂದೆ.

ಭಾವ ಬಗ್ಗಿ ಅಪ್ಪನ ಕಾಲು ಮುಟ್ಟಿದ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವಾರದೊಳಗೆ ಅವರು ಶೆಡ್ಡು ಬಿಟ್ಟು ನಮ್ಮ ವಸ್ತಿಯಲ್ಲೇ ಒಂದು ಖೋಲಿ ಹಿಡಿದರು. ನನಗೆ ಖುಷಿಯಾಗಿತ್ತು. ಸುಳ್ಳು ಹೇಳುತ್ತಿಲ್ಲ.

ಏಳನೆಯ ತಿಂಗಳ ಕೊನೆಯ ದಿನ ಟೈಮ್ ಆಫೀಸಿನಿಂದ ಕರೆ ಬಂತು. ಆರ್ಡರು ಕೊಡಲು ಕರೆದಿದ್ದಾರೆಂದು ಕೈ ತೊಳೆದು, ತಲೆ ಬಾಚಿ ಹೋದೆ. ಗುಮಾಸ್ತ ತಲೆ ಎತ್ತದೆ ಟೋಕನ್, ಬೂಟು, ಕ್ಯಾಂಟೀನಿನ ಕಾರ್ಡು ಎಂದು ಒಂದೊಂದಾಗಿ ಕೇಳಿ ಇಸಿದುಕೊಂಡ. ಬರಿಗಾಲಲ್ಲಿ ಶಾಪಿನೊಳಗೆ ಓಡಿದೆ. ನಾನು ಕಲಿಸಿದ್ದ ಹುಡುಗ ಹೊಸ ಮಷೀನಿನ ಮುಂದೆ ನಿಂತಿದ್ದ, ಅವನದೂ ಬೂದು ಅಂಗಿ. ಸಾಹೇಬರು ಅವನ ಬೆನ್ನು ತಟ್ಟುತ್ತಿದ್ದರು. ನನ್ನನ್ನು ನೋಡಿ ಮುಖ ಸಣ್ಣದು ಮಾಡಿದರು. ಮೇಲಿನಿಂದ ಯಾರ ಆರ್ಡರೂ ಬಂದಿಲ್ಲ, ಈ ವರ್ಷ ಒಬ್ಬರನ್ನೂ ಕಾಯಂ ಮಾಡುತ್ತಿಲ್ಲ, ಮುಂದಿನ ಸಲ ನಕ್ಕೀ, ಖಂಡಿತ ಎಂದರು.

‘ಸಾಹೇಬ, ನೀವು ನಮ್ಮಪ್ಪನಿಗೆ ಮಾತು ಕೊಟ್ಟಿದ್ದಿರಿ’ ಎಂದು ಮರಾಠಿಯಲ್ಲಿ ಹೇಗೋ ಹೇಳಿದೆ. ಅವರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು.

‘ಹಾಂ ಹಾಂ’ ಎಂದರು. ‘ಗೂಳ ಚಾಂಗ್ಲಾ ಹೋತಾ.’

ಬೆಲ್ಲ ಚೆನ್ನಾಗಿತ್ತು ಎಂದರು! ನನ್ನನ್ನು ಗೇಲಿ ಮಾಡಲು ಹೇಳಿದ್ದಲ್ಲ, ಸಮಾಧಾನಕ್ಕೆ ಹೇಳಿದ್ದು. ಅವತ್ತು ಅವರ ಕೊರಳಪಟ್ಟಿ ಹಿಡಿದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಹಿಡಿಯಲಿಲ್ಲ. ‘ಮುಂದಿನ ಸಲ’ ಎಂಬ ಮಾತು ಎಲ್ಲಿ ಕೆಡುತ್ತದೋ ಎಂದು ಕೈಮುಗಿದು ಹೊರಗೆ ಬಂದೆ.

ಅಪ್ಪನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅವನು ಸಿಟ್ಟಾಗಲಿಲ್ಲ, ಬೈಯಲಿಲ್ಲ. ಲೆಕ್ಕ ತಪ್ಪಿದ ಮಗುವಿನ ಹಾಗೆ ನನ್ನ ಮುಖ ನೋಡಿದ.

‘ಬಾಯಾಗ ಹಾಕ್ಕೊಂಡಿದ್ರಲ್ಲೋ’ ಎಂದ. ಮತ್ತೆ, ‘ನನ್ನ ಕಣ್ಣ ಮುಂದ ಹಾಕ್ಕೊಂಡ್ರು’ ಎಂದ. ತಾನೇ ಹೋಗಿ ಕೇಳುತ್ತೇನೆಂದು ಪಟಗ ಹುಡುಕಿದ. ಅವ್ವ ಅದನ್ನು ಬಚ್ಚಿಟ್ಟಳು. ಭಾವ ಬಂದು, ‘ಮಾಮಾ, ಬಿಲ್ಲೆ ವಾಪಸ್ ಕೊಡ್ತೀನಿ, ತಮ್ಮ ಹೋಗಲಿ’ ಎಂದ. ಅಕ್ಕ ಅವನ ಹಿಂದೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಕೊಟ್ಟ ಜಾಗ ತಿರುಗಿ ಬರುವುದಿಲ್ಲ ಎಂದು ಮುಕಾದಮ ಹೇಳಿದ್ದು ಎಲ್ಲರಿಗೂ ನೆನಪಿತ್ತು. ಅದು ನೆನಪಿದ್ದುದರಿಂದಲೇ ಭಾವ ಹಾಗೆಂದ ಎಂದು ಆ ಹೊತ್ತಿನಲ್ಲಿ ನನಗನಿಸಿತು. ದೌಂಡದವರು ಎರಡು ತಿಂಗಳು ಕಾದು, ಮಗಳನ್ನು ರೈಲ್ವೆಯ ಹುಡುಗನಿಗೆ ಕೊಟ್ಟರು.

ಆ ‘ಮುಂದಿನ ಸಲ’ದ ಕರೆ ಬರಲಿಲ್ಲ. ನಾನು ಭೋಸರಿಯಿಂದ ಚಾಕಣದವರೆಗೆ ಗೇಟು ಗೇಟು ತಿರುಗಿದೆ. ಅಷ್ಟರಲ್ಲಿ ಕಾಲ ಬದಲಾಗಿತ್ತು. ಈಗ ಕಂಪನಿಯವರು ನೇರವಾಗಿ ತೆಗೆದುಕೊಳ್ಳುತ್ತಿರಲಿಲ್ಲ, ನಡುವೆ ಗುತ್ತಿಗೆದಾರ. ಅವನ ಆಫೀಸು ಅಂದರೆ ಝೆರಾಕ್ಸ್ ಅಂಗಡಿಯ ಪಕ್ಕದ ಮೆಟ್ಟಿಲು. ಬೆಳಿಗ್ಗೆ ಅಲ್ಲಿ ಫೈಲು ಹಿಡಿದು ಕೂತರೆ ಹತ್ತಿರದ ಹುಡುಗರೆಲ್ಲ ನನಗಿಂತ ಸಣ್ಣವರು. ಗುತ್ತಿಗೆದಾರ ಮೊದಲು ಕೇಳುತ್ತಿದ್ದುದು ಕೆಲಸ ಬರುತ್ತದೆಯೋ ಎಂದಲ್ಲ, ವಯಸ್ಸೆಷ್ಟು ಎಂದು. ಕಂಪನಿಗಳಿಗೆ ಎಳೆಯ ಹುಡುಗರು ಬೇಕಂತೆ. ನಾನು ಆ ಗೆರೆ ದಾಟಿದ್ದೆ. ಕಾಯಂ ಆಗಲು ಯೋಗ್ಯತೆ ಬೇಕು, ಒಪ್ಪೋಣ. ಟೆಂಪರರಿ ಆಗಿರಲಿಕ್ಕೂ ವಯಸ್ಸು ಮೀರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅನುಭವವಿದೆ ಎಂದರೆ ಅದೂ ಕುತ್ತು. ‘ಅನುಭವದವರು ಜಾಸ್ತಿ ಮಾತಾಡ್ತಾರೆ’ ಎಂದು ಒಬ್ಬ ಮುಖಕ್ಕೇ ಹೇಳಿದ. ಒಂದು ಕಡೆ ಕೆಲಸ ಗೊತ್ತಿಲ್ಲದವನಂತೆ ನಟಿಸಿ ನೋಡಿದೆ. ಅಲ್ಲೂ ವಯಸ್ಸು ಕೇಳಿದರು. ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿದ್ದು ಆ ದಿನಗಳಲ್ಲಿ. ಬಸ್ಸಿಗೆ ಉಳಿಸಲು ಪಿಂಪ್ರಿಯಿಂದ ನಡೆದು ಬರುವಾಗ, ಈ ರಸ್ತೆ ಮುಗಿಯದೇ ಇದ್ದರೆ ಸಾಕು, ಮನೆ ಬರದಿದ್ದರೆ ಸಾಕು ಎನಿಸುತ್ತಿತ್ತು.

ಮಳೆಗಾಲದ ನಡುವೆ ಭಾವ ಜ್ವರ ಬಂದು ಮಲಗಿದ. ಟೈಫಾಯ್ಡ್ ಎಂದರು. ಕೆಲಸದಲ್ಲಿ ಬಿದ್ದವನಿಗಾದರೆ ಟೋಳಿಯೇ ಪಾಲು ಕೊಡುತ್ತದೆ, ಜಡ್ಡು ಬಂದು ಹಾಸಿಗೆ ಹಿಡಿದರೆ ಮನೆಯವರು ಬದಲಿ ಆಳು ಕಳಿಸಬೇಕು, ಆ ದಿನದ ಪಾಲು ಬದಲಿಯವನಿಗೆ. ಅಕ್ಕ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತಳು.

‘ತಮ್ಮಾ, ಹ್ಯಾಂಗ ಕೇಳಬೇಕೋ ತಿಳೀವಲ್ದು’ ಎಂದಳು. ಕೇಳಲಿಲ್ಲ. ಕೇಳುವ ಮೊದಲೇ ನಾನು ಎದ್ದಿದ್ದೆ.

ಅಪ್ಪ ಹಾಸಿಗೆಯಿಂದ ಕೈಚಾಚಿ ಗೋಣಿಚೀಲ ಎಳೆದುಕೊಂಡ. ಅದರ ಒಂದು ಮೂಲೆಯನ್ನು ಇನ್ನೊಂದರೊಳಗೆ ಮಡಚಿ ಕೊಪ್ಪೆ ಮಾಡಿ ನನ್ನ ತಲೆಗೆ ಹಾಕಿದ. ‘ಸೊಂಟದಿಂದ ಎತ್ತಬ್ಯಾಡ, ತೊಡಿಮ್ಯಾಗ ಭಾರ ತಗೋ. ಹಲಗಿ ಏರೂ ಮುಂದ ಕೆಳಗ ನೋಡಬ್ಯಾಡ’ ಎಂದ. ಅಷ್ಟು ಹೇಳುವಾಗ ನನ್ನ ಮುಖ ಬಿಟ್ಟು ಉಳಿದೆಲ್ಲವನ್ನೂ ನೋಡಿದ.

ಬೆಲ್ಲದ ಸಾಲಿನಲ್ಲಿ ಮಳೆಗಾಲವೆಂದರೆ ನೆಲವೆಲ್ಲ ಜಿಗಟು, ಕಿವಿಯೊಳಗೂ ನೊಣ. ಮೊದಲ ದಿನ ಚೀಲ ಕತ್ತಿನ ಮೇಲೆ ಕೂತಾಗ ಕಣ್ಣು ಕತ್ತಲಾಯಿತು. ಟೋಳಿಯವರು ನಕ್ಕರು, ಆಮೇಲೆ ಹಗುರದ್ದು ನನ್ನ ಕಡೆ ತಳ್ಳಿದರು. ತೋಳಿಗೆ ಬಿಲ್ಲೆ ಇರಲಿಲ್ಲವಾದ್ದರಿಂದ ಬದಲಿಯವನೆಂದು ಗುರುತಿಗೆ ಮುಕಾದಮ ಒಂದು ಕೆಂಪು ಚಿಂದಿ ಕಟ್ಟಿದ. ನಾಲ್ಕನೆಯ ದಿನಕ್ಕೆ ಮೈ ಒಗ್ಗಿತು. ಸಂಜೆ ಪಾಲು ಹಂಚುವಾಗ ನನ್ನ ಕೈಗೂ ಎಲ್ಲರಷ್ಟೇ ಬಂತು. ಅದನ್ನು ಅವ್ವನ ಕೈಗೆ ಹಾಕಿದಾಗ ಅವಳು ಕಣ್ಣಿಗೆ ಒತ್ತಿಕೊಂಡಳು. ಬಹಳ ದಿನದ ಮೇಲೆ ನನಗೆ ಹಸಿವಾಗಿತ್ತು.

ಒಂದು ವಾರವಾಗಿರಬೇಕು. ಸಂಜೆ ಬಂದು ಕತ್ತು ತೊಳೆಯುತ್ತಿದ್ದೆ. ಒಳಗೆ ಅಕ್ಕ ನಮ್ಮ ಒಲೆಯ ಮೇಲೆ ಗಂಡನಿಗೆಂದು ಗಂಜಿ ಇಟ್ಟು ಕೂತಿದ್ದಳು. ಅವಳ ಸೀಮೆಎಣ್ಣೆ ತೀರಿತ್ತು. ಅಪ್ಪ ಅತ್ತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನನ್ನ ಸಪ್ಪಳ ಕೇಳಿ ಈ ಕಡೆ ಹೊರಳಿದ.

‘ಹ್ಯಾಂಗ ಅದಾನೋ ಅವಾ? ಜ್ವರ ಇಳೀತೇನು?’

ಬರುವಾಗ ಭಾವನನ್ನು ನೋಡಿಕೊಂಡೇ ಬಂದಿದ್ದೆ. ‘ಇಲ್ಲಪ್ಪ, ಮತ್ತ ಏರ್ಯಾದ. ಇನ್ನಾ ಹದಿನೈದು ದಿನ ಏಳಬಾರ್ದು ಅಂದಾರಂತ ಡಾಕ್ಟರು’ ಎಂದೆ.

ಅಪ್ಪನ ಮುಖ ಹಗುರಾಯಿತು. ಎಷ್ಟೋ ತಿಂಗಳಿಂದ ಆ ಮುಖದಲ್ಲಿ ನಾನು ಕಾಣದ ನೆಮ್ಮದಿ ಅದು.

‘ಚಲೋ ಆತು’ ಎಂದ. ‘ಅಂದ್ರ ಇನ್ನಾ ಹದಿನೈದು ದಿನ ಕೆಲಸ ಅದ ನಿನಗ.’

ಒಲೆಯ ಬಳಿ ಸೌಟಿನ ಸದ್ದು ನಿಂತಿತು. ಅಕ್ಕ ತಲೆ ಎತ್ತಲಿಲ್ಲ. ಅಪ್ಪ ಅವಳ ಕಡೆ ನೋಡಿದ, ನನ್ನ ಕಡೆ ನೋಡಿದ, ಏನೋ ಹೇಳಲು ಬಾಯಿ ತೆರೆದ. ಗಂಜಿ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.